ಆಕಾಶ ಸಿಗದವರ ವಾಣಿ: ಇಂಟರ್ನೆಟ್ ರೇಡಿಯೊ, ಹಳೇ ಕಂಪ್ಯೂಟರ್‌ಗಳ ಸಂಗೀತ ಮತ್ತು ಪೈಸೆ ಲೆಕ್ಕ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ ಎಂದಿನಂತೆ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಾಯಲ್ಲಿ ಹೇಳಿ ಮುಗಿಸಿದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ರಾತ್ರಿ ರಿಲೀಸ್ ಇದ್ದಾಗ, ಬಿಲ್ಡ್ ಮುಗಿಯೋದನ್ನೇ ಕಾಯ್ತಾ ಕೂತಾಗ, ನಮ್ಮಲ್ಲಿ ತುಂಬಾ ಜನ ಹೆಡ್‌ಫೋನ್ ಹಾಕ್ಕೊಂಡು ಮಾತಿಲ್ಲದ ಎಲೆಕ್ಟ್ರಾನಿಕ್ ಸಂಗೀತ ಕೇಳ್ತೀವಿ. ಸೋಮಾ ಎಫ್‌ಎಂನ ‘ಗ್ರೂವ್ ಸಲಾಡ್’ ಅನ್ನೋ ಚಾನೆಲ್ ಹೆಸರು ಐಟಿಯವರಿಗೆ ಹೊಸದೇನಲ್ಲ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ದುಡ್ಡು ಕೊಡಲೇಬೇಕು ಅಂತಿಲ್ಲ. ಹಾಗಾದ್ರೆ ಇದನ್ನ ನಡೆಸೋರು ಯಾರು? ಬಿಲ್ ಕಟ್ಟೋರು ಯಾರು? ಈ ಪ್ರಶ್ನೆ ಹಿಡ್ಕೊಂಡು ಹೊರಟರೆ ನಲವತ್ತು ವರ್ಷದ ಒಂದು ಇತಿಹಾಸ ಬಿಚ್ಚಿಕೊಳ್ಳುತ್ತೆ. ಅದರಲ್ಲಿ ಆಟದ ಸಾಮಾನು ಅನ್ನಿಸಿಕೊಂಡ ಕಂಪ್ಯೂಟರ್‌ಗಳಿವೆ, ಕದ್ದುಮುಚ್ಚಿ ನಡೆಸಿದ ರೇಡಿಯೊಗಳಿವೆ, ಒಂದು ಸೆಂಟ್‌ನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ ಮುಚ್ಚಿಹೋದ ಸ್ಟೇಷನ್‌ಗಳಿವೆ. ಮೈಸೂರಿನ ಒಂದು ಮನೆಯೂ ಇದೆ.

ಮೂರು ದನಿಯ ಚಿಪ್

ಮೊದಲು ಸಂಗೀತದಿಂದ ಶುರು ಮಾಡೋಣ. 1981ರಲ್ಲಿ ಅಮೆರಿಕದ ಮಾಸ್ ಟೆಕ್ನಾಲಜಿ ಕಂಪನಿಯಲ್ಲಿ ಬಾಬ್ ಯಾನೆಸ್ ಅನ್ನೋ ಎಂಜಿನಿಯರ್ ಒಂದು ಧ್ವನಿ ಚಿಪ್ ವಿನ್ಯಾಸ ಮಾಡಿದರು. ಅದರ ನಂಬರ್ 6581, ಎಲ್ಲರೂ ಕರೆದ ಹೆಸರು ಸಿಡ್. ಆಗಿನ ಮನೆ ಕಂಪ್ಯೂಟರ್‌ಗಳಲ್ಲಿ ಸದ್ದು ಅಂದ್ರೆ ಹೆಚ್ಚಾಗಿ ‘ಬೀಪ್’ ಅಷ್ಟೇ. ಯಾನೆಸ್ ಮಾತ್ರ ಸಿಂಥಸೈಜರ್ ಒಳಗಿರುವ ಭಾಗಗಳನ್ನೇ ಚಿಪ್‌ಗೆ ಇಳಿಸಿದರು. ಮೂರು ಸ್ವತಂತ್ರ ದನಿಗಳು, ಪ್ರತಿ ದನಿಗೆ ಬೇರೆಬೇರೆ ಅಲೆಯ ಆಕಾರ, ಸದ್ದು ಹೇಗೆ ಏಳಬೇಕು, ಹೇಗೆ ಇಳಿಯಬೇಕು ಅನ್ನೋ ನಿಯಂತ್ರಣ, ಮೇಲೊಂದು ಫಿಲ್ಟರ್. 1982ರಲ್ಲಿ ಮಾರುಕಟ್ಟೆಗೆ ಬಂದ ಕಮಾಡೋರ್ 64 ಕಂಪ್ಯೂಟರ್‌ನಲ್ಲಿ ಈ ಚಿಪ್ ಕೂತಿತು. ಆ ಕಂಪ್ಯೂಟರ್ ಕೋಟಿಗೂ ಹೆಚ್ಚು ಮಾರಾಟ ಆಯ್ತು.

ಮೂರೇ ದನಿ ಅಂದ್ರೆ ಒಂದು ತಾಳಕ್ಕೆ, ಒಂದು ಬೇಸ್‌ಗೆ, ಒಂದು ರಾಗಕ್ಕೆ. ನಾಲ್ಕನೇದಕ್ಕೆ ಜಾಗ ಇಲ್ಲ. ಮೂರು ಸ್ವರ ಒಟ್ಟಿಗೆ ನುಡಿಸೋ ಕಾರ್ಡ್ ಬೇಕು ಅಂದ್ರೆ ಮೂರೂ ದನಿ ಅಲ್ಲೇ ಖರ್ಚು. ಇದಕ್ಕೆ ಸಂಗೀತಗಾರರು ಕಂಡುಕೊಂಡ ಉಪಾಯ ನೋಡಿ: ಒಂದೇ ದನಿಯಲ್ಲಿ ಮೂರು ಸ್ವರಗಳನ್ನು ಒಂದಾದ ಮೇಲೊಂದು, ಸೆಕೆಂಡಿಗೆ ಐವತ್ತು ಸಲ ಬದಲಾಯಿಸಿದರು. ಐವತ್ತೇ ಯಾಕೆ? ಯುರೋಪಿನ ಟಿವಿ ಪರದೆ ಸೆಕೆಂಡಿಗೆ 50 ಸಲ ಹೊಸದಾಗ್ತಿತ್ತು. ಆ ಇಂಟರಪ್ಟ್ ಬಂದಾಗಲೆಲ್ಲ ಸಂಗೀತದ ಕೋಡ್ ಒಮ್ಮೆ ಓಡ್ತಿತ್ತು. ಕಿವಿಗೆ ಆ ಮೂರು ಸ್ವರ ಬೇರೆಬೇರೆಯಾಗಿ ಕೇಳಲ್ಲ, ಗುಳುಗುಳು ಅನ್ನೋ ಒಂದು ಗುಂಪಾಗಿ ಕೇಳುತ್ತೆ. ಹಳೇ ವಿಡಿಯೊ ಗೇಮ್ ಸಂಗೀತ ಅಂದ ತಕ್ಷಣ ನಮಗೆ ನೆನಪಾಗೋ ಆ ನಡುಗುವ ನಾದ ಹುಟ್ಟಿದ್ದು ಈ ಕೊರತೆಯಿಂದ.

ಇನ್ನೊಂದು ಉದಾಹರಣೆ. ಸಿಡ್‌ಗೆ ರೆಕಾರ್ಡ್ ಮಾಡಿದ ಧ್ವನಿಯನ್ನು ನುಡಿಸೋ ಸೌಲಭ್ಯ ಇರಲಿಲ್ಲ. ಆದರೆ ಮೊದಲ ಆವೃತ್ತಿಯ ಚಿಪ್‌ನಲ್ಲಿ ವಾಲ್ಯೂಮ್ ಬದಲಾಯಿಸಿದಾಗಲೆಲ್ಲ ಸಣ್ಣದೊಂದು ‘ಟಿಕ್’ ಕೇಳ್ತಿತ್ತು. ಅದು ಚಿಪ್‌ನ ದೋಷ. ಪ್ರೋಗ್ರಾಮರ್‌ಗಳು ವಾಲ್ಯೂಮನ್ನು ಸೆಕೆಂಡಿಗೆ ಸಾವಿರಾರು ಸಲ ಬದಲಾಯಿಸಿ, ಆ ಟಿಕ್‌ಗಳಿಂದಲೇ ಡ್ರಮ್ ಸದ್ದು, ಮನುಷ್ಯರ ಮಾತು ಎಲ್ಲ ಹೊರಡಿಸಿದರು. ಮುಂದೆ ಕಂಪನಿ 8580 ಅನ್ನೋ ಹೊಸ ಆವೃತ್ತಿಯಲ್ಲಿ ದೋಷ ಸರಿಪಡಿಸಿತು. ಆ ಹಾಡುಗಳ ಡ್ರಮ್ಮು, ಮಾತು ಹೊಸ ಚಿಪ್‌ನಲ್ಲಿ ಪಿಸುಗುಟ್ಟಿದ ಹಾಗೆ ಆಗಿಬಿಟ್ಟವು! ಬಗ್ ಫಿಕ್ಸ್ ಮಾಡಿದ್ದಕ್ಕೆ ಬಳಕೆದಾರರು ಬೇಜಾರಾದ ಕಥೆ ನಮ್ಮ ಕೆಲಸದಲ್ಲೂ ಇದೆ ಅಲ್ವಾ.

ಬ್ರಿಟನ್ನಿನ ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ ತರಹದವರು ಈ ಚಿಪ್‌ಗಾಗಿ ಸಂಗೀತ ಬರೆದರು. ‘ಬರೆದರು’ ಅನ್ನೋದು ಇಲ್ಲಿ ಅಕ್ಷರಶಃ ನಿಜ. ಹಬ್ಬರ್ಡ್ ಅಸೆಂಬ್ಲಿ ಭಾಷೆಯಲ್ಲಿ ತಮ್ಮದೇ ಪ್ಲೇಯರ್ ಪ್ರೋಗ್ರಾಂ ಬರೆದು, ಅದಕ್ಕೆ ಸ್ವರಗಳನ್ನು ಡೇಟಾ ಆಗಿ ಕೊಡ್ತಿದ್ದರು. 1985ರ ‘ಮಾಂಟಿ ಆನ್ ದ ರನ್’, ‘ಕಮಾಂಡೊ’ ಆಟಗಳ ಸಂಗೀತ ಹಾಗೆ ಬಂದದ್ದು. ಆದ್ದರಿಂದ ಒಂದು ಸಿಡ್ ಹಾಡಿನ ಫೈಲ್ ಅಂದ್ರೆ ಧ್ವನಿಮುದ್ರಣ ಅಲ್ಲ, ಕೆಲವೇ ಕಿಲೋಬೈಟ್‌ನ ಒಂದು ಪ್ರೋಗ್ರಾಂ. ಅದನ್ನು ಕೇಳಬೇಕಾದರೆ ರನ್ ಮಾಡಬೇಕು. ಈ ಮಾತು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಫ್ಲಾಪಿಯಲ್ಲಿ ಊರೂರು

1985ರಲ್ಲಿ ಅಮಿಗಾ ಕಂಪ್ಯೂಟರ್ ಬಂತು. ಅದರ ‘ಪೌಲಾ’ ಚಿಪ್ ನಾಲ್ಕು ದನಿಗಳಲ್ಲಿ ರೆಕಾರ್ಡ್ ಮಾಡಿದ 8 ಬಿಟ್ ಧ್ವನಿಯನ್ನೇ ನುಡಿಸ್ತಿತ್ತು. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಅನ್ನೋ ತಂತ್ರಾಂಶ ಮಾಡಿದರು. ಪರದೆಯ ಮೇಲೆ ನಾಲ್ಕು ಕಾಲಂ, ಮೇಲಿಂದ ಕೆಳಕ್ಕೆ ಸ್ವರಗಳ ಸಾಲು. ನೋಡೋಕೆ ಥೇಟ್ ಸ್ಪ್ರೆಡ್‌ಶೀಟ್. ಸಂಗೀತ ಓದೋಕೆ ಬರೆಯೋಕೆ ಬಾರದ ಹದಿನೈದು ವರ್ಷದ ಹುಡುಗ ಕೂಡ ಹಾಡು ಕಟ್ಟಬಹುದಾಯಿತು. ಇದರಿಂದ ಹುಟ್ಟಿದ ‘ಮಾಡ್’ ಫೈಲ್‌ನಲ್ಲಿ ಸ್ವರಗಳೂ ಇರ್ತವೆ, ವಾದ್ಯಗಳ ಧ್ವನಿ ತುಣುಕುಗಳೂ ಇರ್ತವೆ. ಯಾರದ್ದೇ ಹಾಡನ್ನು ತೆರೆದು ಹೇಗೆ ಮಾಡಿದ್ದಾರೆ ಅಂತ ಸಾಲು ಸಾಲಾಗಿ ನೋಡಬಹುದು. ಓಪನ್ ಸೋರ್ಸ್ ಅನ್ನೋ ಹೆಸರೇ ಹುಟ್ಟದ ಕಾಲದಲ್ಲಿ ಅದು ಒಂದು ಪಾಠಶಾಲೆ ಆಗಿತ್ತು.

ಆಟಗಳ ಕಾಪಿ ತಡೆ ಮುರಿದು ಹಂಚ್ತಿದ್ದ ಹುಡುಗರು, ‘ಮುರಿದದ್ದು ನಾವು’ ಅಂತ ಹೇಳಿಕೊಳ್ಳೋಕೆ ಆಟದ ಮೊದಲು ಒಂದು ಸಣ್ಣ ಚಿತ್ರ-ಸಂಗೀತದ ತುಣುಕು ಅಂಟಿಸ್ತಿದ್ದರು. ಕ್ರಮೇಣ ಆಟಕ್ಕಿಂತ ಆ ತುಣುಕೇ ಮುಖ್ಯ ಆಯ್ತು. ಅದೇ ಡೆಮೊಸೀನ್. ಉತ್ತರ ಯುರೋಪಿನಲ್ಲಿ ನೂರಾರು ಜನ ಕಂಪ್ಯೂಟರ್ ಹೊತ್ತುಕೊಂಡು ಒಂದು ಕಡೆ ಸೇರಿ ಸ್ಪರ್ಧೆ ಮಾಡ್ತಿದ್ದರು. ಫಿನ್‌ಲ್ಯಾಂಡಿನ ‘ಅಸೆಂಬ್ಲಿ’ 1992ರಲ್ಲಿ ಶುರುವಾಯಿತು. ಹಾಡುಗಳು ಅಂಚೆಯಲ್ಲಿ, ಫ್ಲಾಪಿಯಲ್ಲಿ, ಮೋಡೆಮ್ಮಿನಲ್ಲಿ ಊರೂರು ಸುತ್ತಿದವು. ಅಂಗಡಿಯಲ್ಲಿ ಕ್ಯಾಸೆಟ್ ಇಲ್ಲ, ರೇಡಿಯೊದಲ್ಲಿ ಪ್ರಸಾರ ಇಲ್ಲ, ಪತ್ರಿಕೆಯಲ್ಲಿ ವಿಮರ್ಶೆ ಇಲ್ಲ. ಆದರೂ ಸಾವಿರಾರು ಕೇಳುಗರು.

ಇದೇ ಹೊತ್ತಲ್ಲಿ ಅಮೆರಿಕದ ಡೆಟ್ರಾಯಿಟ್, ಷಿಕಾಗೊಗಳಲ್ಲಿ ಕಪ್ಪು ಯುವಕರು ಟೆಕ್ನೊ, ಹೌಸ್ ಸಂಗೀತ ಕಟ್ಟುತ್ತಿದ್ದರು. ಅವರ ಕೈಗೆ ಸಿಕ್ಕಿದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರ. ಎರಡೂ ಮಾರುಕಟ್ಟೆಯಲ್ಲಿ ಸೋತವು, ಕೆಲವೇ ವರ್ಷದಲ್ಲಿ ತಯಾರಿಕೆ ನಿಂತವು. ಸೋತದ್ದರಿಂದಲೇ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕವು. ಆಟದ ಕಂಪ್ಯೂಟರ್ ಆಗಲಿ, ಸೋತ ಡ್ರಮ್ ಯಂತ್ರ ಆಗಲಿ, ದೊಡ್ಡವರು ಕಡೆಗಣಿಸಿದ ಸಾಮಾನಿನಿಂದಲೇ ಈ ಎರಡೂ ಸಂಗೀತ ಬೆಳೆದದ್ದು. ಎರಡಕ್ಕೂ ಇದ್ದ ತೊಂದರೆಯೂ ಒಂದೇ: ಕೇಳಿಸೋಕೆ ಜಾಗ ಇಲ್ಲ.

ಗಾಳಿಯಲ್ಲಿ ಜಾಗ ಇಲ್ಲ

ರೇಡಿಯೊ ತರಂಗಾಂತರ ಸೀಮಿತ. ಒಂದೇ ಊರಲ್ಲಿ ಇಬ್ಬರು ಒಂದೇ ಕಡೆ ಕೂಗಿದರೆ ಇಬ್ಬರದ್ದೂ ಕೇಳಲ್ಲ. ಅದಕ್ಕೇ ಲೈಸೆನ್ಸ್. ಆದರೆ ಲೈಸೆನ್ಸ್ ಕೊಡೋ ಕೈ ಯಾರದ್ದೋ, ಏನು ಕೇಳಬೇಕು ಅನ್ನೋ ತೀರ್ಮಾನವೂ ಕೊನೆಗೆ ಅವರದ್ದೇ ಆಗುತ್ತೆ. ಬ್ರಿಟನ್ನಿನಲ್ಲಿ ಇದಕ್ಕೆ ಉತ್ತರವಾಗಿ ಬಂದದ್ದು ಕಳ್ಳ ರೇಡಿಯೊ. 1964ರಲ್ಲಿ ‘ರೇಡಿಯೊ ಕ್ಯಾರೊಲೈನ್’ ಹಡಗಿನಿಂದ ಪ್ರಸಾರ ಮಾಡಿತು. ಮುಂದೆ ಲಂಡನ್ನಿನ ಎತ್ತರದ ವಸತಿ ಕಟ್ಟಡಗಳ ತಾರಸಿಗಳ ಮೇಲೆ ಹುಡುಗರು ಕದ್ದು ಏರಿಯಲ್ ಕಟ್ಟಿದರು. 1994ರಲ್ಲಿ ಹಾಗೆ ಶುರುವಾದ ‘ರಿನ್ಸ್ ಎಫ್‌ಎಂ’ಗೆ ಲೈಸೆನ್ಸ್ ಸಿಕ್ಕಿದ್ದು 2010ರಲ್ಲಿ. ಹದಿನಾರು ವರ್ಷ! ಅಷ್ಟರಲ್ಲಿ ಗ್ರೈಮ್, ಡಬ್‌ಸ್ಟೆಪ್ ಅನ್ನೋ ಎರಡು ಸಂಗೀತ ಪ್ರಕಾರಗಳು ಅಂಥ ಸ್ಟೇಷನ್‌ಗಳಲ್ಲೇ ಬೆಳೆದು ದೊಡ್ಡವಾಗಿದ್ದವು.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಪ್ರಸಾರ ಯಂತ್ರ ಇಟ್ಟು ರೇಡಿಯೊ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1950ರ ದಶಕದಲ್ಲಿ ಅದೇ ಹೆಸರನ್ನು ಇಡೀ ದೇಶದ ಸರ್ಕಾರಿ ರೇಡಿಯೊ ತಗೊಂಡಿತು. ಅಂದ್ರೆ ಇವತ್ತು ಸರ್ಕಾರದ್ದು ಅನ್ನಿಸುವ ಆ ಪದ ಹುಟ್ಟಿದ್ದು ಒಬ್ಬ ಮೇಷ್ಟ್ರ ಮನೆಯಲ್ಲಿ, ಅವರ ಹವ್ಯಾಸದಿಂದ. ಆಮೇಲೆ ಸುಮಾರು ಅರವತ್ತು ವರ್ಷ, ಮನೆಯಲ್ಲಿ ರೇಡಿಯೊ ಸ್ಟೇಷನ್ ಇಡೋದು ನಮ್ಮಲ್ಲಿ ಯೋಚನೆ ಮಾಡೋ ಮಾತೇ ಆಗಿರಲಿಲ್ಲ. ಪ್ರಸಾರ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಬಂದದ್ದು 2001ರಲ್ಲಿ, ಅದೂ ನಮ್ಮ ಬೆಂಗಳೂರಲ್ಲೇ. ಆದರೆ ಹರಾಜಿನಲ್ಲಿ ಕೋಟಿ ಕೋಟಿ ಕೊಟ್ಟು ಲೈಸೆನ್ಸ್ ತಗೊಂಡವರು ಯಾರೂ ಕೇಳದ ಸಂಗೀತ ಹಾಕೋಕಾಗುತ್ತಾ?

ಕೋಲಾರ ಜಿಲ್ಲೆಯ ಬೂದಿಕೋಟೆಯವರು ಇದಕ್ಕೆ ಬೇರೆ ದಾರಿ ಹುಡುಕಿದರು. ಅಲ್ಲಿನ ‘ನಮ್ಮ ಧ್ವನಿ’ ಸಮುದಾಯ ರೇಡಿಯೊಗೆ ಗಾಳಿಯಲ್ಲಿ ಪ್ರಸಾರ ಮಾಡೋ ಅನುಮತಿ ಆಗಿನ ನೀತಿಯಲ್ಲಿ ಇರಲಿಲ್ಲ. ಹಾಗಾಗಿ 2003ರ ಹೊತ್ತಿಗೆ ಅವರು ಊರಿನ ಕೇಬಲ್ ತಂತಿಯಲ್ಲೇ ಧ್ವನಿ ಕಳಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ಲೈಸೆನ್ಸ್ ಕೊಡಬಹುದು ಅನ್ನೋ ನೀತಿ ಬಂದದ್ದು 2006ರಲ್ಲಿ. ಗಾಳಿ ಸಿಗದಿದ್ದರೆ ತಂತಿ. ಇಂಟರ್ನೆಟ್ ರೇಡಿಯೊದ ಹಿಂದಿನ ಆಲೋಚನೆಯೂ ಇಷ್ಟೇ.

ತಂತಿಯೊಳಗಿನ ರೇಡಿಯೊ

1993ರಲ್ಲಿ ಅಮೆರಿಕದ ಕಾರ್ಲ್ ಮಲಮೂಡ್ ‘ಇಂಟರ್ನೆಟ್ ಟಾಕ್ ರೇಡಿಯೊ’ ಶುರು ಮಾಡಿದರು. 1994ರ ನವೆಂಬರ್ 7ರಂದು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ರೇಡಿಯೊ ಡಬ್ಲ್ಯುಎಕ್ಸ್‌ವೈಸಿ ತನ್ನ ಎಫ್‌ಎಂ ಪ್ರಸಾರವನ್ನು ಇಂಟರ್ನೆಟ್‌ಗೂ ಬಿಟ್ಟಿತು. 1995ರ ಏಪ್ರಿಲ್‌ನಲ್ಲಿ ರಿಯಲ್ ಆಡಿಯೊ ಬಂತು, ಮೋಡೆಮ್ಮಿನ ಸಪೂರ ದಾರಿಯಲ್ಲೂ ಧ್ವನಿ ಹರಿಯಿತು. ಅದೇ ವರ್ಷ ಆಗಸ್ಟ್ 15ಕ್ಕೆ ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು.

ಬಾಗಿಲು ಪೂರ್ತಿ ತೆರೆದದ್ದು 1998ರ ಕೊನೆಗೆ. ವಿನ್ಆಂಪ್ ಮಾಡಿದ ನಲ್‌ಸಾಫ್ಟ್ ಕಂಪನಿ ‘ಷೌಟ್‌ಕಾಸ್ಟ್’ ಬಿಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದಕ್ಕೆ ಓಪನ್ ಸೋರ್ಸ್ ಜೋಡಿಯಾಗಿ ‘ಐಸ್‌ಕಾಸ್ಟ್’ ಬಂತು. ಒಳಗೆ ನಡೆಯೋದು ಬಹಳ ಸರಳ. ಪ್ಲೇಯರ್ ಒಂದು ಎಚ್‌ಟಿಟಿಪಿ ರಿಕ್ವೆಸ್ಟ್ ಕಳಿಸುತ್ತೆ. ಸರ್ವರ್ ಉತ್ತರ ಶುರು ಮಾಡುತ್ತೆ, ಆದರೆ ಮುಗಿಸೋದೇ ಇಲ್ಲ. ಕೊನೆಯಿಲ್ಲದ ಒಂದು ಎಂಪಿ3 ಫೈಲ್ ಡೌನ್‌ಲೋಡ್ ಆಗ್ತಾನೇ ಇರುತ್ತೆ. ಇಂತಿಷ್ಟು ಬೈಟ್‌ಗೊಮ್ಮೆ ನಡುವೆ ಹಾಡಿನ ಹೆಸರನ್ನು ತೂರಿಸ್ತಾರೆ. ಪ್ಲೇಯರ್ ಅದನ್ನು ಬೇರ್ಪಡಿಸಿ ಪರದೆಗೆ ಹಾಕುತ್ತೆ. ಇಷ್ಟೇ. ಇಪ್ಪತ್ತೈದು ವರ್ಷ ಆದರೂ ಇವತ್ತಿಗೂ ಎಷ್ಟೋ ಸ್ಟೇಷನ್‌ಗಳು ಹೀಗೇ ನಡೀತಿವೆ.

ಈಗ ಕಮಾಡೋರ್ ಹಾಡುಗಳು, ಅಮಿಗಾ ಹಾಡುಗಳು, ಅಂಡರ್‌ಗ್ರೌಂಡ್ ಟೆಕ್ನೊ, ಎಲ್ಲಕ್ಕೂ ಜಾಗ ಸಿಕ್ಕಿತು. 2000ದಲ್ಲಿ ಫ್ರಾನ್ಸ್‌ನ ಡೆಮೊಸೀನ್ ಉತ್ಸಾಹಿಯೊಬ್ಬರು ‘ನೆಕ್ಟರೀನ್’ ಶುರು ಮಾಡಿದರು. ಅಲ್ಲಿ ಡಿಜೆ ಇಲ್ಲ, ಕೇಳುಗರೇ ಹಾಡು ಕೇಳಿ ಸಾಲಿಗೆ ಸೇರಿಸ್ತಾರೆ. ಸ್ವೀಡನ್ನಿನ ‘ಸ್ಲೇ ರೇಡಿಯೊ’ ಕಮಾಡೋರ್, ಅಮಿಗಾ ಹಾಡುಗಳ ಮರುಸೃಷ್ಟಿಗಳನ್ನು ಹಾಕುತ್ತೆ. ‘ಕೊಹಿನಾ’ ಅನ್ನೋದು ಹಳೇ ಆಟ ಮತ್ತು ಡೆಮೊಗಳ ಮೂಲ ಸಂಗೀತಕ್ಕೆ ಮೀಸಲು. ಕೊಹಿನಾ ಅಂದ್ರೆ ಫಿನ್ನಿಷ್ ಭಾಷೆಯಲ್ಲಿ ಗೊರಗೊರ ಸದ್ದು. ಹಳೇ ಟ್ರಾನ್ಸಿಸ್ಟರ್ ತಿರುಗಿಸುವಾಗ ಎರಡು ಸ್ಟೇಷನ್ ನಡುವೆ ಬರ್ತಿತ್ತಲ್ಲ, ಅಂಥದ್ದು.

ಇಲ್ಲೊಂದು ತಮಾಷೆ ಇದೆ. ಸಿಡ್ ಹಾಡು ಒಂದು ಪ್ರೋಗ್ರಾಂ ಅಂದೆ ಅಲ್ವಾ, ಹಾಗಾಗಿ ಅದನ್ನು ಸ್ಟ್ರೀಮ್ ಮಾಡಬೇಕಾದರೆ ಮೊದಲು ನಿಜವಾದ ಚಿಪ್‌ನಲ್ಲೋ ಎಮ್ಯುಲೇಟರ್‌ನಲ್ಲೋ ಓಡಿಸಿ, ಬಂದ ಧ್ವನಿಯನ್ನು ಎಂಪಿ3 ಮಾಡಬೇಕು. 4 ಕಿಲೋಬೈಟ್‌ನ ಮೂರು ನಿಮಿಷದ ಹಾಡು 128 ಕೆಬಿಪಿಎಸ್ ಎಂಪಿ3 ಆದಾಗ ಸುಮಾರು 2,880 ಕಿಲೋಬೈಟ್ ಆಗುತ್ತೆ, ಏಳುನೂರು ಪಟ್ಟು! ಹಬ್ಬರ್ಡ್ ಒಂದೊಂದು ಬೈಟ್ ಉಳಿಸಿದ್ದನ್ನು ನಾವು ಹೀಗೆ ಖರ್ಚು ಮಾಡ್ತಿದ್ದೀವಿ.

ಖರ್ಚಿನ ಮಾತು ಬಂತು. ಎಫ್‌ಎಂ ಟವರ್‌ಗೆ ಒಬ್ಬ ಕೇಳಿದರೂ ಲಕ್ಷ ಜನ ಕೇಳಿದರೂ ಕರೆಂಟ್ ಬಿಲ್ ಒಂದೇ. ಇಂಟರ್ನೆಟ್ ರೇಡಿಯೊದಲ್ಲಿ ಪ್ರತಿ ಕೇಳುಗನಿಗೂ ಬೇರೆ ಕನೆಕ್ಷನ್. 128 ಕೆಬಿಪಿಎಸ್‌ಗೆ ನೂರು ಜನ ಅಂದ್ರೆ 12.8 ಎಂಬಿಪಿಎಸ್, ದಿನದ 24 ಗಂಟೆ. 2000ದಲ್ಲಿ ಅದು ಸಣ್ಣ ಮಾತಲ್ಲ. ಜನಪ್ರಿಯ ಆದಷ್ಟೂ ಜೇಬಿಗೆ ಕತ್ತರಿ. ಆದರೂ ಹವ್ಯಾಸಿಗಳು ಹೇಗೋ ತಡ್ಕೊಂಡರು. ನಿಜವಾದ ಹೊಡೆತ ಬಂದದ್ದು ಬೇರೆ ಕಡೆಯಿಂದ.

ಪೈಸೆ ಲೆಕ್ಕ

ಸೋಮಾ ಎಫ್‌ಎಂ 1999ರಲ್ಲಿ ಬರ್ನಿಂಗ್ ಮ್ಯಾನ್ ಉತ್ಸವದಲ್ಲಿ ಸಣ್ಣ ಪ್ರಸಾರವಾಗಿ ಆರಂಭ ಆಯ್ತು. 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಸ್ಟಿ ಹಾಜ್ ಅದನ್ನು ಪೂರ್ಣಾವಧಿ ಇಂಟರ್ನೆಟ್ ರೇಡಿಯೊ ಮಾಡಿದರು. ಅಮೆರಿಕದ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಎಫ್‌ಎಂ ರೇಡಿಯೊ ಹಾಡು ಹಾಕಿದರೆ ಹಾಡು ರಚಿಸಿದವರಿಗೆ ದುಡ್ಡು ಕೊಡಬೇಕು. ಹಾಡಿದವರಿಗಾಗಲಿ, ಧ್ವನಿಮುದ್ರಣದ ಕಂಪನಿಗಾಗಲಿ ಕೊಡಬೇಕಿಲ್ಲ. ರೇಡಿಯೊ ಅವರಿಗೆ ಪುಕ್ಕಟೆ ಪ್ರಚಾರ ಕೊಡುತ್ತೆ ಅನ್ನೋದು ಹಳೇ ವಾದ. ಆದರೆ 1995 ಮತ್ತು 1998ರ ಕಾಯಿದೆಗಳ ಪ್ರಕಾರ ಇಂಟರ್ನೆಟ್ ರೇಡಿಯೊ ಇಬ್ಬರಿಗೂ ಕೊಡಬೇಕು. ಎಷ್ಟು? ಅದನ್ನ ತೀರ್ಮಾನಿಸೋಕೆ ಒಂದು ಸಮಿತಿ ಕೂತಿತು.

2002ರ ಜೂನ್‌ನಲ್ಲಿ ಅಂತಿಮ ದರ ಬಂತು: ಒಂದು ಹಾಡಿಗೆ, ಒಬ್ಬ ಕೇಳುಗನಿಗೆ 0.07 ಸೆಂಟ್. ಕೇಳಿದರೆ ಏನೂ ಅಲ್ಲ ಅನ್ನಿಸುತ್ತೆ. ಲೆಕ್ಕ ಹಾಕಿ. ಸರಾಸರಿ 500 ಕೇಳುಗರು, ಗಂಟೆಗೆ 15 ಹಾಡು. ಗಂಟೆಗೆ 5.25 ಡಾಲರ್. ವರ್ಷಕ್ಕೆ 8,760 ಗಂಟೆ. ಒಟ್ಟು 45,990 ಡಾಲರ್. ಜಾಹೀರಾತೇ ಇಲ್ಲದ, ಬಾಡಿಗೆ ಸರ್ವರ್‌ನಲ್ಲಿ ನಡೆಯೋ ಹವ್ಯಾಸಕ್ಕೆ! ಮೇಲಾಗಿ ಬಾಕಿಯನ್ನು 1998ರಿಂದಲೇ ಕಟ್ಟಬೇಕಿತ್ತು. ಎಷ್ಟೋ ಸಣ್ಣ ಸ್ಟೇಷನ್‌ಗಳು ಬಾಗಿಲು ಹಾಕಿದವು. ಸೋಮಾ ಎಫ್‌ಎಂ ಕೂಡ ಆ ಜೂನ್‌ನಲ್ಲಿ ನಿಂತುಹೋಯಿತು. ವರ್ಷದ ಕೊನೆಗೆ ಸಣ್ಣ ಸ್ಟೇಷನ್‌ಗಳು ಆದಾಯದಲ್ಲಿ ಒಂದು ಪಾಲು ಕೊಟ್ಟರೆ ಸಾಕು ಅನ್ನೋ ಒಪ್ಪಂದಕ್ಕೆ ಕಾನೂನು ಬಂದಮೇಲೆ ಮತ್ತೆ ಶುರುವಾಯಿತು.

2007ರ ಮಾರ್ಚ್‌ನಲ್ಲಿ ಮತ್ತೆ ಅದೇ ಕಥೆ. ಹೊಸ ಮಂಡಳಿ ದರ ಏರಿಸಿತು, 2010ರ ಹೊತ್ತಿಗೆ 0.19 ಸೆಂಟ್. ನಮ್ಮ ಅದೇ 500 ಕೇಳುಗರ ರೇಡಿಯೊಗೆ ಈಗ ವರ್ಷಕ್ಕೆ 1,24,830 ಡಾಲರ್. ಜೂನ್ 26ರಂದು ಅಮೆರಿಕದ ಸಾವಿರಾರು ಇಂಟರ್ನೆಟ್ ರೇಡಿಯೊಗಳು ಒಂದು ದಿನ ಮೌನ ಆಚರಿಸಿದವು. ಜನ ತಮ್ಮ ಸಂಸದರಿಗೆ ಫೋನ್ ಮಾಡಿದರು, ಮಾತುಕತೆ ನಡೆದು ಮತ್ತೆ ರಿಯಾಯಿತಿ ಸಿಕ್ಕಿತು. ಅದರ ಅವಧಿ 2015ರ ಕೊನೆಗೆ ಮುಗಿದಾಗ, ಸಾವಿರಾರು ಸಣ್ಣ ರೇಡಿಯೊಗಳಿಗೆ ಆಸರೆಯಾಗಿದ್ದ ‘ಲೈವ್365’ 2016ರ ಜನವರಿಯಲ್ಲಿ ಮುಚ್ಚಿತು. ಆಮೇಲೆ ಬೇರೆ ಮಾಲೀಕರ ಕೈಯಲ್ಲಿ ಮತ್ತೆ ತೆರೆಯಿತು.

ಇಲ್ಲಿ ಸಂಗೀತಗಾರರನ್ನು ಖಳನಾಯಕರು ಮಾಡೋಕೆ ನಾನು ತಯಾರಿಲ್ಲ. ಹಾಡಿದವರಿಗೆ ದುಡ್ಡು ಸಿಗಲೇಬೇಕು. ಎಫ್‌ಎಂನವರು ಕೊಡದೇ ಇರೋದು ನ್ಯಾಯ ಅಂತಲೂ ನನಗನ್ನಿಸಲ್ಲ. ನನ್ನ ತಕರಾರು ಇರೋದು ಲೆಕ್ಕದ ರೀತಿಯ ಮೇಲೆ. ಕೋಟಿ ಕೇಳುಗರಿರುವ ಕಂಪನಿಗೂ, ಐನೂರು ಕೇಳುಗರ ಹವ್ಯಾಸಿಗೂ ತಲೆಗಿಷ್ಟು ಅಂತ ಒಂದೇ ಅಳತೆ ಹಾಕಿದರೆ ಉಳಿಯೋದು ಜಾಹೀರಾತು ಮಾರುವವರು ಮಾತ್ರ. ಜಾಹೀರಾತು ಮಾರುವವರು ಎಂದೂ ಸಿಡ್ ಸಂಗೀತ ಹಾಕಲ್ಲ.

ಉಳಿದವರು ಹೇಗೆ ಉಳಿದರು

ಉಳಿದವರಲ್ಲಿ ನನಗೆ ಎರಡು ದಾರಿ ಕಾಣುತ್ತೆ. ಒಂದು ಸೋಮಾ ಎಫ್‌ಎಂನದ್ದು: ಲೆಕ್ಕ ಪ್ರಕಾರ ರಾಯಲ್ಟಿ ಕಟ್ಟೋದು, ಅದಕ್ಕೆ ಕೇಳುಗರ ಬಳಿ ಜೋಳಿಗೆ ಹಿಡಿಯೋದು. ಗ್ರೂವ್ ಸಲಾಡ್ ನಡುವೆ ಆಗಾಗ ಬರೋ ದೇಣಿಗೆ ವಿನಂತಿಯ ಹಿಂದೆ ಈ ಇಡೀ ಇತಿಹಾಸ ಇದೆ.

ಇನ್ನೊಂದು ಡೆಮೊಸೀನ್‌ನದ್ದು. ಅಲ್ಲಿನ ಸಂಗೀತಗಾರರಲ್ಲಿ ಬಹುಪಾಲು ಜನ ಯಾವ ಕಂಪನಿಗೂ ಹಾಡು ಮಾರಿದವರಲ್ಲ. ಹಂಚೋಕೆಂದೇ ಮಾಡಿದ ಹಾಡು, ಹಾಗಾಗಿ ತಡೆಯೋ ಮಾಲೀಕನೂ ಇಲ್ಲ. ಆಟಗಳ ಸಂಗೀತದ ವಿಷಯ ಇಷ್ಟು ಸಲೀಸಲ್ಲ. ಅದರ ಹಕ್ಕು ಆಟದ ಕಂಪನಿಯದ್ದು, ಎಷ್ಟೋ ಕಂಪನಿಗಳು ಮುಳುಗಿ, ಹಕ್ಕು ಯಾರ ಕೈಲಿದೆ ಅಂತ ಹುಡುಕೋದೇ ಕಷ್ಟ. ಆದರೂ ಆ ಹಾಡುಗಳು ಇವತ್ತು ಉಳಿದಿದ್ದರೆ ಅದಕ್ಕೆ ಕಾರಣ ಆ ಕಂಪನಿಗಳಲ್ಲ, ಸಂಬಳ ಇಲ್ಲದೆ ಕೂತು ಒಂದೊಂದೇ ಆಟದಿಂದ ಸಂಗೀತದ ಕೋಡ್ ಬಿಡಿಸಿ ತೆಗೆದ ಅಭಿಮಾನಿಗಳು. 1990ರ ದಶಕದಲ್ಲಿ ಶುರುವಾದ ‘ಹೈ ವೋಲ್ಟೇಜ್ ಸಿಡ್ ಕಲೆಕ್ಷನ್’ನಲ್ಲಿ ಈಗ 50,000ಕ್ಕೂ ಹೆಚ್ಚು ಹಾಡುಗಳಿವೆ. ಒಟ್ಟು ಗಾತ್ರ ನಮ್ಮ ಫೋನಿಗೆ ಇಳಿಸಿಕೊಳ್ಳೋ ಒಂದು ಸಿನಿಮಾಕ್ಕಿಂತ ಚಿಕ್ಕದು. 2020ರಲ್ಲಿ ಫಿನ್‌ಲ್ಯಾಂಡ್, 2021ರಲ್ಲಿ ಜರ್ಮನಿ ಡೆಮೊಸೀನನ್ನು ಯುನೆಸ್ಕೊ ಒಪ್ಪಂದದಡಿಯ ತಮ್ಮ ರಾಷ್ಟ್ರೀಯ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿದವು. ಕಾಪಿ ತಡೆ ಮುರೀತಿದ್ದ ಹುಡುಗರ ಕೆಲಸ ಜಾನಪದ ಕಲೆಗಳ ಸಾಲಲ್ಲಿ ಕೂತಿತು.

ಸಂಗ್ರಹ ಇದ್ದರೆ ಸಾಕಲ್ವಾ, ರೇಡಿಯೊ ಯಾಕೆ ಅಂತ ಕೇಳಬಹುದು. ಐವತ್ತು ಸಾವಿರ ಹಾಡಿನ ಫೋಲ್ಡರ್ ಮುಂದೆ ಕೂತು ನೋಡಿ, ಯಾವುದರಿಂದ ಶುರು ಮಾಡ್ತೀರಿ? ರೇಡಿಯೊ ಅಂದ್ರೆ ಯಾರೋ ಒಬ್ಬರು ಆರಿಸಿ, ‘ಇದನ್ನ ಕೇಳಿ’ ಅಂತ ಮುಂದಿಡೋದು. ನೀವು ಈಗಾಗಲೇ ಕೇಳಿದ್ದನ್ನು ನೋಡಿ ಅಂಥದ್ದನ್ನೇ ಕೊಡೋದು ಅಲ್ಗಾರಿದಮ್. ಹೆಸರೇ ಗೊತ್ತಿಲ್ಲದ್ದನ್ನು ಕೇಳಿಸೋಕೆ ಇನ್ನೊಬ್ಬ ಮನುಷ್ಯ ಬೇಕು.

ಡಬ್ಬದಲ್ಲಿ ಉಳಿದ ಟೇಪು

ಆ ಮನುಷ್ಯ ಇಲ್ಲದಿದ್ದರೆ ಏನಾಗುತ್ತೆ ಅನ್ನೋಕೆ ನಮ್ಮ ದೇಶದಲ್ಲೇ ಎರಡು ಸಾಕ್ಷಿ ಇವೆ. 1969ರಲ್ಲಿ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರ್ ಇರುವ ಎಲೆಕ್ಟ್ರಾನಿಕ್ ಸ್ಟುಡಿಯೊ ಸ್ಥಾಪನೆ ಆಯ್ತು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನ್‌ರಾಜ್ ಜೋಶಿಪುರ ಮೊದಲಾದವರು ಅಲ್ಲಿ ಸಂಗೀತ ಕಟ್ಟಿದರು. ಕೆಲವೇ ವರ್ಷದಲ್ಲಿ ಎಲ್ಲ ನಿಂತಿತು, ಟೇಪುಗಳು ಸಂಸ್ಥೆಯ ದಾಖಲೆಗಳ ನಡುವೆ ಸೇರಿಹೋದವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಸ್ ಅವನ್ನು ಹುಡುಕಿ ತೆಗೆದು, 2020ರಲ್ಲಿ ಬಿಬಿಸಿ ರೇಡಿಯೊ 3ರಲ್ಲಿ ಕಾರ್ಯಕ್ರಮ ಮಾಡಿದ ಮೇಲೆ ಜಗತ್ತಿಗೆ ಗೊತ್ತಾಯಿತು. ಆಲ್ಬಂ ಬಂದದ್ದು 2023ರಲ್ಲಿ.

ಎರಡನೆಯದು ಮುಂಬೈಯದ್ದು. ಹಿಂದಿ ಸಿನಿಮಾಗಳಿಗೆ ಗಿಟಾರ್ ನುಡಿಸ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ಒಂದು ಎಲ್‌ಪಿ ಮಾಡಿದರು. ಬಳಸಿದ್ದು ಅದೇ ಸೋತ ಯಂತ್ರಗಳು, 808 ಮತ್ತು 303, ಜೊತೆಗೆ ಜ್ಯೂಪಿಟರ್-8 ಸಿಂಥಸೈಜರ್. ಷಿಕಾಗೊದಲ್ಲಿ ‘ಆ್ಯಸಿಡ್ ಹೌಸ್’ ಅಂತ ಹೆಸರಾದ ಸಂಗೀತದ ಮೊದಲ ರೆಕಾರ್ಡ್ ಬಂದದ್ದು 1987ರಲ್ಲಿ. ಸಿಂಗ್ ಅವರ ರೆಕಾರ್ಡ್ ಕೇಳಿದರೆ ಥೇಟ್ ಅದೇ ಧಾಟಿ, ಐದು ವರ್ಷ ಮೊದಲೇ. ಆದರೆ ಮಾರಾಟ ಆಗಲಿಲ್ಲ, ಕೇಳಿಸೋರು ಇರಲಿಲ್ಲ. 2002ರಲ್ಲಿ ಡಚ್ ಸಂಗ್ರಾಹಕ ಎಡೋ ಬೌಮನ್‌ಗೆ ದೆಹಲಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ಮರುಬಿಡುಗಡೆ ಆಯ್ತು. ಆಗ ಸಿಂಗ್ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಒಂದಷ್ಟು ಕಛೇರಿ ಕೊಟ್ಟರು, 2015ರಲ್ಲಿ ತೀರಿಕೊಂಡರು. 28 ವರ್ಷ ಆ ರೆಕಾರ್ಡ್ ಇತ್ತು, ಕಿವಿಗೆ ತಲುಪಿಸೋ ದಾರಿ ಇರಲಿಲ್ಲ.

ಇವತ್ತು ಆ ದಾರಿ ಇದೆ. ಐಸ್‌ಕಾಸ್ಟ್ ಪುಕ್ಕಟೆ ಸಿಗುತ್ತೆ, ತಿಂಗಳಿಗೆ ಕೆಲವು ನೂರು ರೂಪಾಯಿಯ ವರ್ಚುವಲ್ ಸರ್ವರ್‌ನಲ್ಲಿ ಐವತ್ತು ಅರವತ್ತು ಕೇಳುಗರಿಗೆ ಆರಾಮಾಗಿ ರೇಡಿಯೊ ನಡೆಸಬಹುದು. ನಿಮ್ಮದೇ ಹಾಡು, ಅಥವಾ ಮಾಡಿದವರು ಒಪ್ಪಿ ಕೊಟ್ಟ ಹಾಡು ಇರಬೇಕು ಅನ್ನೋದು ಷರತ್ತು. ಬೆಂಗಳೂರಲ್ಲಿ ಮಲಗೋ ಕೋಣೆಯಲ್ಲಿ ಕೂತು ಎಲೆಕ್ಟ್ರಾನಿಕ್ ಸಂಗೀತ ಮಾಡೋ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ಅವರ ಹಾಡುಗಳನ್ನು ಆರಿಸಿ, ಹೆಸರು ಹೇಳಿ, ದಿನಾ ರಾತ್ರಿ ಎರಡು ಗಂಟೆ ಹಾಕೋರು ಬೇಕು. ಇದಕ್ಕೆ ಬೇಕಾದ ತಾಂತ್ರಿಕ ಕೆಲಸ ನಾವೆಲ್ಲ ಆಫೀಸಲ್ಲಿ ದಿನಾ ಮಾಡೋದಕ್ಕಿಂತ ಸುಲಭ.

ಸದ್ಯಕ್ಕೆ ಅದಾಗದಿದ್ದರೂ ಪರವಾಗಿಲ್ಲ. ನೀವು ವರ್ಷಾನುಗಟ್ಟಲೆ ಪುಕ್ಕಟೆ ಕೇಳ್ತಿರೋ ಒಂದು ಸಣ್ಣ ರೇಡಿಯೊ ಇದ್ದರೆ, ಒಂದು ಮಸಾಲೆ ದೋಸೆ-ಕಾಫಿಯಷ್ಟು ದುಡ್ಡು ಅದಕ್ಕೆ ಕಳಿಸಿ. ಮೈಸೂರಿನ ಗೋಪಾಲಸ್ವಾಮಿಯವರ ರೇಡಿಯೊ ಕಷ್ಟದಲ್ಲಿದ್ದಾಗ ವಹಿಸಿಕೊಳ್ಳೋಕೆ ಒಂದು ಸಂಸ್ಥಾನ ಇತ್ತು. ಈ ರೇಡಿಯೊಗಳಿಗೆ ಇರೋದು ಕೇಳುಗರು ಮಾತ್ರ.